ಅಂಕದ ಜೊತೆಗೆ ಬದುಕಿನ ಪಾಠವೂ ಇರಲಿ

ಪ್ರಶ್ನೆ: ನಾವು ವಿಶಾಖಪಟ್ಟಣದ ಕನ್ನಡಿಗರು. ಬೌದ್ಧಿಕ ವೈಕಲ್ಯವಿರುವ 15 ವರ್ಷದ ಮಗ ಒಂಬತ್ತನೇ ತರಗತಿಯ ಪಾಠದಲ್ಲಿ ತುಂಬಾ ಹಿಂದಿದ್ದಾನೆ. ಈಗ ಪತಿಗೆ ವಿಜಯವಾಡಕ್ಕೆ ವರ್ಗವಾಗಿದೆ. ಏನು ಮಾಡಲಿ?

ಉತ್ತರ: ಧೈರ್ಯಗೆಡಬೇಡಿ ತಾಯಿ. ಅಂಗವಿಕಲರ ವಿಶಿಷ್ಟ ಗುರುತಿನ (ಯುಡಿಐಡಿ) ಕಾರ್ಡ್ ಇಲ್ಲದಿದ್ದರೆ ಮೊದಲು ಮಾಡಿಸಿ. ಅದು ದೇಶದೆಲ್ಲೆಡೆ ನಡೆಯುತ್ತದೆ. ವೈಕಲ್ಯ ಶೇ 40ಕ್ಕಿಂತ ಕಡಿಮೆ ಇಲ್ಲದಿದ್ದರೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೆ 18 ವರ್ಷದವರೆಗೆ ಉಚಿತ ಶಿಕ್ಷಣ ಅವನ ಹಕ್ಕು. ವಿಜಯವಾಡದಲ್ಲಿ ಸಮಗ್ರ ಶಿಕ್ಷಾ ಯೋಜನೆಯ ‘ಭವಿತ’ ಕೇಂದ್ರದ ವಿಶೇಷ ಶಿಕ್ಷಕರನ್ನು ಕಾಣಿರಿ. ಹತ್ತನೇ ತರಗತಿಯ ಎಲ್ಲ ವಿಷಯಗಳನ್ನು ಒಂದೇ ಸಲ ಬರೆಯುವುದು ಕಷ್ಟವಾದರೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಗೆ (ಎನ್‌ಐಒಎಸ್) ಸೇರಿಸಿ. ಅಲ್ಲಿ ಐದು ವರ್ಷದೊಳಗೆ ಒಂದೊಂದೇ ವಿಷಯ ಮುಗಿಸಬಹುದು.

ಮನೆಯಲ್ಲಿ ಕೆಲಸ ಕಲಿಸುವಾಗ ಕೊನೆಯ ಹಂತದಿಂದ ಶುರುಮಾಡಿ. ಅಂಗಿಯ ಗುಂಡಿಗಳನ್ನು ನೀವು ಹಾಕಿ, ಕೊನೆಯದನ್ನು ಅವನಿಗೆ ಬಿಡಿ. ಅದು ಬಂದ ಮೇಲೆ ಕೊನೆಯ ಎರಡು. ಕೆಲಸ ಮುಗಿಸಿದ ಖುಷಿ ಪ್ರತಿಸಲವೂ ಅವನದೇ ಆಗುತ್ತದೆ. ರೈತು ಬಜಾರಿಗೆ ಕರೆದೊಯ್ದು ಐವತ್ತರ ನೋಟು ಕೊಡಿ. ಅವನೇ ಟೊಮೆಟೊ ಕೊಳ್ಳಲಿ, ಚಿಲ್ಲರೆ ಎಣಿಸಲಿ. ಅವನ ಲೆಕ್ಕದ ಪಾಠವೂ ಅದೇ. ತಪ್ಪಿದರೆ ಗದರದೆ ಮತ್ತೊಮ್ಮೆ ಎಣಿಸಲು ಹೇಳಿ. ಅವನು ಕಲಿಯುತ್ತಾನೆ, ತುಸು ಹೆಚ್ಚು ಸಮಯ ಕೊಡಿ.