ಹಸಿ ನೆಲದ ಮೇಲೆ ಟ್ರ್ಯಾಲಿ: ಕುಳೆ ಕಬ್ಬು ಬಿಳಿಚುವ ಕಾರಣ

ಕುಳೆ ಬಿಟ್ಟು ಎರಡು ತಿಂಗಳಾಗುವ ಹೊತ್ತಿಗೆ ಮೂಡಲಗಿ, ಗೋಕಾಕ, ಹುಕ್ಕೇರಿ ಭಾಗದ ಎರೆ ಹೊಲಗಳಿಂದ ಒಂದೇ ದೂರು: ಮರಿ ತೆಳ್ಳಗಿವೆ, ಎಲೆ ಬಿಳಿಚಿವೆ, ಯೂರಿಯಾ ಹಾಕಿದರೂ ಹಸಿರೇರುತ್ತಿಲ್ಲ. ಇಂಥ ಹೊಲದಲ್ಲಿ ಬಿಳಿಚಿದ ಪಟ್ಟೆಗಳು ಹೆಚ್ಚಾಗಿ ಕಾಣುವುದು ತುಂಬಿದ ಟ್ರ್ಯಾಲಿ ಓಡಾಡಿದ ಜಾಡಿನಲ್ಲಿ. ಗೊಬ್ಬರ ಇಡೀ ಹೊಲಕ್ಕೆ ಒಂದೇ ಸಮ ಬಿದ್ದಿರುವಾಗ ಗಾಲಿ ಉರುಳಿದಲ್ಲಿ ಮಾತ್ರ ಬೆಳೆ ಸೊರಗಿದರೆ, ಅದು ಗೊಬ್ಬರದ ಕೊರತೆ ಹೇಗಾದೀತು? ಸಾರಜನಕ ಸಾಲದಿದ್ದರೆ ಮೊದಲು ಹಳದಿಯಾಗುವುದು ಕೆಳಗಿನ ಹಳೆಯ ಎಲೆ. ಇಲ್ಲಿ ಸುಳಿಯ ಎಳೆ ಎಲೆಗಳ ನರ ಹಸಿರಾಗಿದ್ದು ನಡುವಿನ ಭಾಗ ಬಿಳಿಚುತ್ತದೆ. ಅದು ಕಬ್ಬಿಣದ ಕೊರತೆ. ಸುಣ್ಣದಂಶವಿರುವ ಎರೆ ಮಣ್ಣು ಬಿಗಿದು, ನೀರು ನಿಂತು, ಗಾಳಿಯಾಡದಿದ್ದರೆ ಮಣ್ಣಿನಲ್ಲಿರುವ ಕಬ್ಬಿಣವೂ ಬೇರಿಗೆ ದಕ್ಕುವುದಿಲ್ಲ. ಹಾಕಿದ ಯೂರಿಯಾದ ಒಂದು ಪಾಲೂ ಅಂಥ ನೆಲದಲ್ಲಿ ಅನಿಲವಾಗಿ ಹಾರಿಹೋಗುತ್ತದೆ. ಅನುಮಾನವಿದ್ದವರು ಒಂದು ಬುಡ ಅಗೆದು ನೋಡಿ: ಆರೆಂಟು ಇಂಚಿಗೆ ಬೇರು ಅಡ್ಡ ತಿರುಗಿದ್ದರೆ ಕೆಳಗೆ ಗಟ್ಟಿ ಪದರವಿದೆ.

ತಪ್ಪು ಶುರುವಾಗುವುದು ಕಟಾವಿಗೂ ಮೊದಲು. ಕಟಾವಿಗೆ ಮೂರು ವಾರ ಮೊದಲೇ ನಿಲ್ಲಿಸಬೇಕಾದ ನೀರನ್ನು ತೂಕ ಬರಲೆಂದು ಕೊನೆಯ ವಾರದವರೆಗೂ ಬಿಡುತ್ತಾರೆ, ಆಮೇಲೆ ಅದೇ ಹಸಿಯಲ್ಲಿ ಟನ್‌ಗಟ್ಟಲೆ ಭಾರದ ಟ್ರ್ಯಾಲಿ ಇಳಿಸುತ್ತಾರೆ. ಇದಕ್ಕಿಂತ ದೊಡ್ಡ ತಪ್ಪು ಮುಂದಿನದು: ನೆಲ ಬಿಗಿದಿದೆ ಎಂದು ತಿಳಿದ ಮೇಲೂ ಹಸಿ ಆರುವ ಮೊದಲೇ ಸಬ್‌ಸಾಯ್ಲರ್ ಹೊಡೆಸುವುದು. ಹಸಿ ಎರೆಯಲ್ಲಿ ಅದು ಪದರವನ್ನು ಒಡೆಯುವುದಿಲ್ಲ. ಸೀಳಿ, ಸೀಳಿನ ಗೋಡೆಯನ್ನು ಗಾರೆ ಮೆತ್ತಿದಂತೆ ನುಣುಪು ಮಾಡಿ ಹೋಗುತ್ತದೆ. ಡೀಸೆಲ್ ದಂಡ, ನೆಲ ಇನ್ನಷ್ಟು ಹಾಳು. ಎಷ್ಟು ಸಲ ಹೇಳಿದರೂ ಬಾಡಿಗೆ ಟ್ರ್ಯಾಕ್ಟರ್ ಸಿಕ್ಕ ದಿನವೇ ಹದದ ದಿನವೆಂದು ತಿಳಿಯುವವರಿದ್ದಾರೆ. ಒಂದು ಅಡಿ ಕೆಳಗಿನ ಮಣ್ಣು ತೆಗೆದು ಅಂಗೈಯಲ್ಲಿ ಹೊಸೆಯಿರಿ. ಬತ್ತಿಯಾಗಿ ಎಳೆದು ಬಂದರೆ ಯಂತ್ರ ವಾಪಸ್ ಕಳಿಸಿ, ಪುಡಿಯಾದರೆ ಮಾತ್ರ ಹೊಡೆಸಿ. ರೋಟಾವೇಟರ್ ಇದಕ್ಕೆ ಪರಿಹಾರವಲ್ಲ, ಅದು ಮೇಲಿನ ನಾಲ್ಕೈದು ಇಂಚು ಮಾತ್ರ ಸಡಿಲಿಸುತ್ತದೆ.

ಕುಳೆ ಬಿಡುವವರು ಕಟಾವಾದ ವಾರದೊಳಗೆ ಬುಡವನ್ನು ನೆಲಮಟ್ಟಕ್ಕೆ ಸವರಬೇಕು. ನೆಲ ಹದಕ್ಕೆ ಬಂದ ಮೇಲೆ ಸಾಲಿನ ಎರಡೂ ಬದಿ ರಂಟೆ ಹೊಡೆದು ಹಳೆ ಬೇರು ಕತ್ತರಿಸಬೇಕು. ರವದಿಗೆ ಬೆಂಕಿ ಹಚ್ಚಬೇಡಿ. ಒಂದು ಸಾಲು ಬಿಟ್ಟು ಒಂದು ಸಾಲಿಗೆ ಹರವಿ, ಟನ್ ರವದಿಗೆ 8 ಕಿಲೋ ಯೂರಿಯಾ, 10 ಕಿಲೋ ಸೂಪರ್ ಫಾಸ್ಫೇಟ್, 1 ಕಿಲೋ ಕೊಳೆಸುವ ಜೀವಾಣು ಹಾಕಿ ನೀರು ಬಿಡಿ. ಕುಳೆಗೆ ಎಕರೆಗೆ ಸಾರಜನಕ 125, ರಂಜಕ 30, ಪೊಟ್ಯಾಷ್ 75 ಕಿಲೋ ಸಾಕು. ಅಂದರೆ 45 ಕಿಲೋದ ಆರು ಚೀಲ ಯೂರಿಯಾ, 50 ಕಿಲೋದ ನಾಲ್ಕು ಚೀಲ ಸೂಪರ್, ಎರಡೂವರೆ ಚೀಲ ಪೊಟ್ಯಾಷ್. ಯೂರಿಯಾವನ್ನು ಮೂರು ಕಂತು ಮಾಡಿ, ಎಂಟು-ಹತ್ತು ಚೀಲ ಸುರಿಯಬೇಡಿ. ಬಿಳಿಚಿದ ಬೆಳೆಗೆ ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ, ಹದಿನೈದು ದಿನದ ಅಂತರದಲ್ಲಿ ಎರಡು ಸಲ ಸಿಂಪಡಿಸಿ. ನೆಲಕ್ಕೆ ಜಿಪ್ಸಮ್ ಬೇಕೇ, ಎಷ್ಟು ಬೇಕು ಎಂಬುದನ್ನು ಮಣ್ಣು ಪರೀಕ್ಷೆ ಹೇಳಬೇಕು. ಅದಕ್ಕೆ ತುಕ್ಕಾನಟ್ಟಿಯ ಕೃಷಿ ವಿಜ್ಞಾನ ಕೇಂದ್ರ ಹತ್ತಿರದಲ್ಲೇ ಇದೆ. ಕುಳೆ ಕಿತ್ತು ಹಾಕುವ ವರ್ಷ ಏಪ್ರಿಲ್-ಮೇನಲ್ಲಿ, ನೆಲ ಪೂರ್ತಿ ಒಣಗಿದಾಗ, ಒಂದೂವರೆಯಿಂದ ಎರಡು ಅಡಿ ಆಳಕ್ಕೆ ಸಬ್‌ಸಾಯ್ಲರ್ ಹೊಡೆಸಿ. ಯಂತ್ರದ ಸಬ್ಸಿಡಿಗೆ ಕಾಯುತ್ತ ಈ ಹದ ಕಳೆದುಕೊಳ್ಳಬೇಡಿ, ಬಾಡಿಗೆಗೆ ತನ್ನಿ.

ಎರೆ ಭೂಮಿ ತಾನೇ ಬಿರಿಯುತ್ತದೆ, ಸೀಳುವುದೇಕೆ ಎನ್ನುವವರಿದ್ದಾರೆ. ಮಳೆಯಾಶ್ರಯದ ಹೊಲಕ್ಕೆ ಆ ಮಾತು ನಿಜ. ಆದರೆ ಧೂಪದಾಳದಿಂದ ಬರುವ ಘಟಪ್ರಭಾ ಎಡದಂಡೆ ಕಾಲುವೆಯ ನೀರು, ಸಾಲದ್ದಕ್ಕೆ ಬಾವಿ, ಬೋರ್‌ವೆಲ್ ನೀರು ಕುಡಿಯುವ ಕಬ್ಬಿನ ನೆಲಕ್ಕೆ ಆಳದವರೆಗೆ ಒಣಗಲು ಬಿಡುವೇ ಇಲ್ಲ. ಕಟಾವಿನ ದಿನ ಕಾರ್ಖಾನೆಯ ಕೈಯಲ್ಲಿದೆ, ಮೂರು ವಾರ ಮೊದಲು ನೀರು ನಿಲ್ಲಿಸುವುದು ಹೇಗೆ ಎಂಬ ಪ್ರಶ್ನೆಗೆ ತೂಕವಿದೆ. ದಿನ ಗೊತ್ತಾಗದಿದ್ದರೂ ಟ್ರ್ಯಾಲಿ ಎಲ್ಲಿ ಓಡಬೇಕೆಂದು ನಿರ್ಧರಿಸುವವರು ನೀವೇ. ಹೊಲಕ್ಕೊಂದೇ ದಾರಿ ಗುರುತಿಸಿ, ಉಳಿದ ಸಾಲುಗಳ ಕಬ್ಬನ್ನು ಅಲ್ಲಿಗೆ ಹೊರಿಸಿ. ಹೊರುವ ಕೂಲಿ ಹೆಚ್ಚಾದೀತು, ಆದರೆ ಕುಳೆಗೆ ಆಗುವ ನಷ್ಟದ ಮುಂದೆ ಅದು ಚಿಕ್ಕದು. ಈ ಸಲ ಕಟಾವಿನ ಗ್ಯಾಂಗ್ ಬರುವ ಮೊದಲೇ ಆ ದಾರಿಗೆ ಗೂಟ ಹೊಡೆದಿಡಿ.