ಅಗ್ಗದ ವಿಕಿರಣ ಮೀಟರ್: ಎಷ್ಟು ನಂಬಬೇಕು, ಹೇಗೆ ಬಳಸಬೇಕು?

ಮೈಲಾರದ ಹೊಳೆಸಾಲಿನಿಂದ ಹಡಗಲಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹರಪನಹಳ್ಳಿಯವರೆಗೆ ಎಲ್ಲಿ ಹೋದರೂ ಮೊಬೈಲ್ ಟವರ್, ಓಣಿಯ ಟಿಸಿ (ಟ್ರಾನ್ಸ್‌ಫಾರ್ಮರ್), ಹೊಲದ ಮೇಲೆ ಹಾಯ್ದ ಹೈಟೆನ್ಷನ್ ಲೈನು, ಗುಡ್ಡದ ನೆತ್ತಿಯ ಗಾಳಿಯಂತ್ರ ಕಣ್ಣಿಗೆ ಬೀಳುತ್ತವೆ. ಮನೆ ಪಕ್ಕದಲ್ಲೇ ಇವು ಇದ್ದರೆ ಮಕ್ಕಳ ಆರೋಗ್ಯಕ್ಕೆ ಏನಾದರೂ ಆದೀತೇ ಎಂಬ ಅಳುಕು ಸಹಜ, ಅದನ್ನು ಯಾರೂ ಹಗುರವಾಗಿ ಕಾಣಬಾರದು. ಈ ಅಳುಕಿಗೆ ಉತ್ತರವೆಂಬಂತೆ ಕೆಲವು ಸಾವಿರ ರೂಪಾಯಿಗೆ ಅಂಗೈಯಗಲದ ಮೀಟರ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ಗುಂಡಿ ಒತ್ತಿದರೆ ಅಂಕಿ ಮೂಡುತ್ತದೆ, ಅಂಕಿ ಏರಿದರೆ ಕೆಂಪು ದೀಪ ಹತ್ತಿ ಕೂಗುತ್ತದೆ. ಇಂಥ ಮೀಟರಿನಿಂದ ಎರಡು ಜಾಗಗಳನ್ನೋ ಎರಡು ಹೊತ್ತುಗಳನ್ನೋ ಹೋಲಿಸಬಹುದು. ಒಂದು ಜಾಗ ಸುರಕ್ಷಿತವೇ, ಅಪಾಯವೇ ಎಂದು ತೀರ್ಮಾನಿಸುವ ಶಕ್ತಿ ಅದಕ್ಕಿಲ್ಲ. ಈ ಗೆರೆಯನ್ನು ಅರಿತವರಿಗೆ ಅದು ಒಳ್ಳೆಯ ಉಪಕರಣ, ಅರಿಯದವರಿಗೆ ಸುಳ್ಳು ಭಯ ಅಥವಾ ಸುಳ್ಳು ಧೈರ್ಯದ ಮೂಲ.

ಕೊಳ್ಳುವ ಮುನ್ನ ಏನನ್ನು ಅಳೆಯಬೇಕಾಗಿದೆ ಎಂಬುದನ್ನು ನಿರ್ಧರಿಸಿಕೊಳ್ಳಿ. ‘ವಿಕಿರಣ’ ಎಂದು ಒಂದೇ ಮಾತಿನಲ್ಲಿ ಹೇಳುವುದರ ಒಳಗೆ ಮೂರು ಬೇರೆ ಬೇರೆ ಸಂಗತಿಗಳಿವೆ. ತಂತಿಯಲ್ಲಿ ವೋಲ್ಟೇಜ್ ಇದ್ದರೆ ಸಾಕು, ಕರೆಂಟ್ ಹರಿಯದಿದ್ದರೂ ಸುತ್ತ ವಿದ್ಯುತ್ ಕ್ಷೇತ್ರ ಇರುತ್ತದೆ. ಕರೆಂಟ್ ಹರಿದಾಗ ಮಾತ್ರ ಕಾಂತಕ್ಷೇತ್ರ ಹುಟ್ಟುತ್ತದೆ. ನಮ್ಮಲ್ಲಿ ಇವೆರಡೂ ಸೆಕೆಂಡಿಗೆ 50 ಸಲ ಏರಿಳಿಯುತ್ತವೆ, ಅಂದರೆ 50 ಹರ್ಟ್ಸ್. ಮೂರನೆಯದು ಟವರ್, ಫೋನ್, ವೈಫೈ ಹೊಮ್ಮಿಸುವ ರೇಡಿಯೊ ಅಲೆ. ಅದು ಸೆಕೆಂಡಿಗೆ ಕೋಟಿಗಟ್ಟಲೆ ಸಲ ಏರಿಳಿಯುವಂಥದ್ದು. ಟಿಸಿ ಅಥವಾ ಲೈನಿನ ಬಗ್ಗೆ ಚಿಂತೆ ಇದ್ದವರಿಗೆ ಬೇಕಾದದ್ದು ಕಾಂತಕ್ಷೇತ್ರ ಅಳೆಯುವ ಮೀಟರ್, ಟವರ್ ಬಗ್ಗೆ ಚಿಂತೆ ಇದ್ದವರಿಗೆ ರೇಡಿಯೊ ಅಲೆ ಅಳೆಯುವ ಮೀಟರ್. 5 ಹರ್ಟ್ಸ್‌ನಿಂದ 3500 ಮೆಗಾಹರ್ಟ್ಸ್‌ವರೆಗೆ ಎಲ್ಲವನ್ನೂ ಅಳೆದು ಒಂದೇ ಅಂಕಿಯಲ್ಲಿ ತೋರಿಸುತ್ತೇನೆ ಎಂದು ಡಬ್ಬಿಯ ಮೇಲೆ ಬರೆದಿದ್ದರೆ ಆ ಅಂಕಿಗೆ ಅರ್ಥವಿಲ್ಲ. ಅದು ಗೋಡೆಯೊಳಗಿನ ತಂತಿಯಿಂದ ಬಂತೋ ಟವರಿನಿಂದ ಬಂತೋ ಎಂದು ಬೇರ್ಪಡಿಸಲು ದಾರಿಯೇ ಇರುವುದಿಲ್ಲ.

ಕಾಂತಕ್ಷೇತ್ರದ ಮೀಟರ್ ಕೊಳ್ಳುವಾಗ ಒಳಗೆ ಎಷ್ಟು ಸುರುಳಿಗಳಿವೆ ಎಂದು ನೋಡಬೇಕು. ಕ್ಷೇತ್ರಕ್ಕೆ ದಿಕ್ಕು ಇರುತ್ತದೆ. ಒಂದೇ ಸುರುಳಿಯ ಮೀಟರ್ ತಾನು ಮುಖ ಮಾಡಿದ ದಿಕ್ಕಿನ ಪಾಲನ್ನಷ್ಟೇ ಹಿಡಿಯುತ್ತದೆ. ಅಡ್ಡ ಹಿಡಿದರೆ 0.1, ನೆಟ್ಟಗೆ ಹಿಡಿದರೆ 1 ಎಂದು ತೋರಿಸಿದರೆ ಅದು ಕೆಟ್ಟಿದೆ ಎಂದರ್ಥವಲ್ಲ. ಅಂಥ ಮೀಟರನ್ನು ಎಲ್ಲ ದಿಕ್ಕಿಗೂ ತಿರುಗಿಸಿ ಅತಿ ಹೆಚ್ಚಿನ ಅಂಕಿಯನ್ನು ಬರೆದುಕೊಳ್ಳಬೇಕು. ಮೂರು ಸುರುಳಿಯದು ಈ ಲೆಕ್ಕವನ್ನು ತಾನೇ ಮಾಡಿಕೊಡುತ್ತದೆ, ತುಸು ಹೆಚ್ಚು ಹಣ ಕೊಟ್ಟರೂ ಅದನ್ನೇ ಕೊಳ್ಳುವುದು ಲೇಸು. ಇನ್ನೊಂದು ತೊಡಕಿದೆ. ಸುರುಳಿಯಲ್ಲಿ ಹುಟ್ಟುವ ವೋಲ್ಟೇಜ್ ಆವರ್ತನ ಏರಿದಂತೆ ಏರುತ್ತದೆ. ಇದನ್ನು ಸರಿದೂಗಿಸುವ ಸರ್ಕ್ಯೂಟ್ ಇಲ್ಲದ ಮೀಟರ್ ಅಮೆರಿಕದ 60 ಹರ್ಟ್ಸ್‌ಗೆ ಹೊಂದಿಸಿದ್ದಾದರೆ ನಮ್ಮ 50 ಹರ್ಟ್ಸ್‌ನಲ್ಲಿ ಆರನೇ ಒಂದು ಭಾಗದಷ್ಟು ಕಡಿಮೆ ತೋರಿಸುತ್ತದೆ. ಅದೇ ಮೀಟರ್ ಮನೆಯ ಯುಪಿಎಸ್ ಅಥವಾ ಇಂಡಕ್ಷನ್ ಒಲೆಯ ಪಕ್ಕದಲ್ಲಿ, ಹೆಚ್ಚಿನ ಆವರ್ತನಗಳು ಬೆರೆತಿರುವ ಕಾರಣ, ಇದ್ದದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ತೋರಿಸಬಹುದು.

ಫೋನಿಗೆ ಪುಕ್ಕಟೆ ಇಳಿಸಿಕೊಳ್ಳುವ ‘ಇಎಂಎಫ್’ ಆ್ಯಪ್‌ಗಳನ್ನು ಈ ಕೆಲಸಕ್ಕೆ ಬಳಸಲೇಬೇಡಿ. ಅವು ಓದುವುದು ಫೋನಿನ ದಿಕ್ಸೂಚಿಯನ್ನು, ಅದು ಹಿಡಿಯುವುದು ಮುಖ್ಯವಾಗಿ ಭೂಮಿಯ ಸ್ಥಿರ ಕಾಂತಕ್ಷೇತ್ರವನ್ನು. ನಮ್ಮ ಭಾಗದಲ್ಲಿ ಭೂಮಿಯ ಕ್ಷೇತ್ರ ಸುಮಾರು 40 ಮೈಕ್ರೊಟೆಸ್ಲಾ. ಹೊಲದ ನಟ್ಟನಡುವೆ ನಿಂತರೂ ಆ್ಯಪ್ 40 ಎನ್ನುತ್ತದೆ, ಕಬ್ಬಿಣದ ಬೀರುವಿನ ಹತ್ತಿರ ಹೋದರೆ ಏರುತ್ತದೆ. ಈ 40 ಅನ್ನು ಕರೆಂಟಿನ ಲೈನಿಗೆ ಸಂಬಂಧಿಸಿದ 0.4 ಎಂಬ ಅಂಕಿಯ (ಅದರ ವಿವರ ಮುಂದಿದೆ) ಜೊತೆಗಿಟ್ಟು ನೂರು ಪಟ್ಟು ಅಪಾಯ ಎಂದು ಹೆದರಿಸುವವರಿದ್ದಾರೆ. ಎರಡೂ ಬೇರೆ ಬೇರೆ ಬಗೆಯ ಕ್ಷೇತ್ರಗಳು, ಹೋಲಿಕೆಯೇ ತಪ್ಪು.

ಮೀಟರ್ ಕೈಗೆ ಬಂದ ಮೇಲೆ ಮೊದಲು ಮೀಟರನ್ನೇ ಪರೀಕ್ಷಿಸಬೇಕು. ಇದಕ್ಕೆ ಪಿಯುಸಿ ಭೌತಶಾಸ್ತ್ರದ ಒಂದು ಸೂತ್ರ ಸಾಕು: ನೇರವಾದ ಒಂಟಿ ತಂತಿಯಲ್ಲಿ 1 ಆಂಪಿಯರ್ ಹರಿದರೆ 20 ಸೆಂಟಿಮೀಟರ್ ದೂರದಲ್ಲಿ ಕಾಂತಕ್ಷೇತ್ರ 1 ಮೈಕ್ರೊಟೆಸ್ಲಾ, ಅಂದರೆ 10 ಮಿಲಿಗೌಸ್. 1000 ವಾಟ್‌ನ ಇಸ್ತ್ರಿಪೆಟ್ಟಿಗೆ 230 ವೋಲ್ಟ್‌ನಲ್ಲಿ ಸುಮಾರು 4.3 ಆಂಪಿಯರ್ ಎಳೆಯುತ್ತದೆ. ಮಾಮೂಲು ವೈರಿನಲ್ಲಿ ಫೇಸ್ ಮತ್ತು ನ್ಯೂಟ್ರಲ್ ಒತ್ತಿಕೊಂಡಿರುವುದರಿಂದ ಒಂದರ ಕ್ಷೇತ್ರವನ್ನು ಇನ್ನೊಂದು ಅಳಿಸಿಹಾಕುತ್ತದೆ. ಆದ್ದರಿಂದ ಬಲ್ಲ ಎಲೆಕ್ಟ್ರಿಷಿಯನ್ ಒಬ್ಬರಿಂದ, ಎರಡೂ ತಂತಿಗಳು ಬೇರೆ ಬೇರೆಯಾಗಿ ಓಡುವಂತೆ, ಒಳ್ಳೆಯ ಹೊದಿಕೆಯ ವೈರಿನ ಒಂದು ಎಕ್ಸ್‌ಟೆನ್ಷನ್ ಮಾಡಿಸಿ. ಒಂದು ತಂತಿ ನೆಲದ ಮೇಲೆ ಎರಡು ಮೀಟರ್ ನೇರವಾಗಿರಲಿ, ಇನ್ನೊಂದು ಅದರಿಂದ ಎರಡು ಮೀಟರ್ ಆಚೆ ಹೋಗಲಿ, ಇಸ್ತ್ರಿಪೆಟ್ಟಿಗೆಯೂ ದೂರವಿರಲಿ. ಹಳ್ಳಿಯಲ್ಲಿ ವೋಲ್ಟೇಜ್ ಇಳಿದಿದ್ದರೆ ಕರೆಂಟೂ ಇಳಿಯುತ್ತದೆ, ಹಾಗಾಗಿ ಎಷ್ಟು ಆಂಪಿಯರ್ ಹರಿಯುತ್ತಿದೆ ಎಂದು ಅವರ ಕ್ಲ್ಯಾಂಪ್ ಮೀಟರಿನಲ್ಲೇ ನೋಡಿ. ತಂತಿಯ ನಡುಭಾಗದಿಂದ 20 ಸೆಂಟಿಮೀಟರ್ ದೂರದಲ್ಲಿ ನಿಮ್ಮ ಮೀಟರ್ ಅಷ್ಟೇ ಮೈಕ್ರೊಟೆಸ್ಲಾ ತೋರಿಸಬೇಕು. ಐದನೇ ಒಂದು ಭಾಗದಷ್ಟು ಹೆಚ್ಚುಕಡಿಮೆಯಾದರೆ ಮನೆಬಳಕೆಗೆ ಅಡ್ಡಿಯಿಲ್ಲ. ಅರ್ಧಕ್ಕರ್ಧ ವ್ಯತ್ಯಾಸ ಬಂದರೆ ಅದನ್ನು ಹಿಂತಿರುಗಿಸಿ.

ಇನ್ನು ಮನೆಯೊಳಗಿನ ಅಳತೆ. ಕೋಣೆಯ ನಡುವೆ, ಹಾಸಿಗೆಯ ತಲೆದಿಂಬಿನ ಬಳಿ, ಓದುವ ಮೇಜಿನ ಬಳಿ ಅಳೆದು ಜಾಗ, ಹೊತ್ತು, ಅಂಕಿ ಬರೆದಿಡಿ. ಉಪಕರಣದ ಮೈಗೆ ಮೀಟರ್ ತಾಗಿಸಿ ಬೆಚ್ಚಿಬೀಳಬೇಡಿ. ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿರುವ ಪಟ್ಟಿಯಲ್ಲಿ ಮೈಕ್ರೊವೇವ್ ಒಲೆಯಿಂದ 3 ಸೆಂಟಿಮೀಟರ್ ದೂರದಲ್ಲಿ 73ರಿಂದ 200 ಮೈಕ್ರೊಟೆಸ್ಲಾ ಇದ್ದದ್ದು 30 ಸೆಂಟಿಮೀಟರ್‌ಗೆ 4ರಿಂದ 8ಕ್ಕೆ, ಒಂದು ಮೀಟರ್‌ಗೆ 0.25ರಿಂದ 0.6ಕ್ಕೆ ಇಳಿಯುತ್ತದೆ. ಮೋಟಾರ್, ಟ್ರಾನ್ಸ್‌ಫಾರ್ಮರ್‌ಗಳ ಕ್ಷೇತ್ರ ದೂರ ಹೋದಂತೆ ಹೀಗೆ ಥಟ್ಟನೆ ಕುಸಿಯುತ್ತದೆ. ಗಮನಿಸಬೇಕಾದದ್ದು ಕುಸಿಯದ ಕ್ಷೇತ್ರವನ್ನು. ಯಾವ ಉಪಕರಣವೂ ಇಲ್ಲದ ಗೋಡೆಯುದ್ದಕ್ಕೂ ಅಂಕಿ ಏರಿದ್ದು, ಒಂದೆರಡು ಮೀಟರ್ ಹಿಂದೆ ಸರಿದರೂ ಅದು ನಿಧಾನವಾಗಿಯೇ ಇಳಿದರೆ, ಫೇಸಿನಲ್ಲಿ ಹೋದ ಕರೆಂಟ್ ನ್ಯೂಟ್ರಲ್‌ನಲ್ಲಿ ಮರಳದೆ ಅರ್ಥಿಂಗ್ ಅಥವಾ ನೀರಿನ ಪೈಪಿನ ಮೂಲಕ ಹೋಗುತ್ತಿರುವ ಸಾಧ್ಯತೆ ಇದೆ. ಮೇನ್ ಬೋರ್ಡಿನ ಬಳಿ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕ್ಲ್ಯಾಂಪ್ ಮೀಟರಿನ ಬಾಯಿಗೆ ಹಾಕಿದರೆ ಅದು ಸೊನ್ನೆ ತೋರಿಸಬೇಕು. ತೋರಿಸದಿದ್ದರೆ ವೈರಿಂಗ್ ತಪ್ಪಿದೆ. ಇದು ಶಾಕ್ ಹೊಡೆಯುವ, ಬೆಂಕಿ ಹೊತ್ತಿಕೊಳ್ಳುವ ಅಪಾಯ, ಅದರಲ್ಲಿ ಯಾವ ವಾದವಿವಾದವೂ ಇಲ್ಲ. ಅಗ್ಗದ ಮೀಟರ್ ಒಂದು ಕುಟುಂಬಕ್ಕೆ ಮಾಡಬಹುದಾದ ಅತಿ ದೊಡ್ಡ ಉಪಕಾರ ಈ ಪತ್ತೆಯೇ.

ಟಿಸಿ ಮತ್ತು ಲೈನುಗಳ ವಿಷಯದಲ್ಲಿ ಒಂದು ಹೊತ್ತಿನ ಅಳತೆ ಸಾಲದು. ಕಾಂತಕ್ಷೇತ್ರ ಕರೆಂಟನ್ನು ಹಿಂಬಾಲಿಸುತ್ತದೆ, ಕರೆಂಟು ಲೋಡನ್ನು ಹಿಂಬಾಲಿಸುತ್ತದೆ. ಕೂಡ್ಲಿಗಿ, ಕೊಟ್ಟೂರು ಸೀಮೆಯ ಬೋರ್‌ವೆಲ್‌ಗಳು ಓಡುವುದು ತ್ರೀ ಫೇಸ್ ಬಂದ ಹೊತ್ತಿನಲ್ಲಿ. ಹೊಲದ ಟಿಸಿಯ ಬಳಿ ಆಗಿನ ಅಂಕಿಗೂ ಸಿಂಗಲ್ ಫೇಸ್ ಇರುವಾಗಿನ ಅಂಕಿಗೂ ಅಜಗಜಾಂತರ. ತ್ರೀ ಫೇಸ್ ಇದ್ದಾಗ ಒಮ್ಮೆ, ಇಲ್ಲದಾಗ ಒಮ್ಮೆ, ಊರಿನಲ್ಲಾದರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಒಮ್ಮೆ ಅಳೆಯಿರಿ, ಬೇಸಿಗೆಯಲ್ಲಿ ಮತ್ತೊಮ್ಮೆ. ಅಳತೆಯ ನೆಪದಲ್ಲಿ ಟಿಸಿ ಕಟ್ಟೆ ಹತ್ತುವುದು, ಬೇಲಿ ದಾಟುವುದು, ಕೋಲಿಗೆ ಮೀಟರ್ ಕಟ್ಟಿ ಲೈನಿನತ್ತ ಎತ್ತುವುದು ಮಾತ್ರ ಕೂಡದು, ಜೀವವೇ ಹೋಗುತ್ತದೆ. ವಿದ್ಯುತ್ ಕ್ಷೇತ್ರದ ಅಂಕಿಯನ್ನು ಅಗ್ಗದ ಮೀಟರಿನಲ್ಲಿ ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ. ಹಿಡಿದವರ ದೇಹವೇ ಆ ಕ್ಷೇತ್ರವನ್ನು ಸೊಟ್ಟ ಮಾಡುತ್ತದೆ.

ರೇಡಿಯೊ ಅಲೆಯ ಅಳತೆ ಇನ್ನೂ ಕಷ್ಟದ್ದು. ಟವರಿನ ಕಿರಣ ನೇರ ಕೆಳಗೆ ಸುರಿಯುವುದಿಲ್ಲ. ತುಸುವೇ ಬಾಗಿ ಮುಂದಕ್ಕೆ ಹೋಗಿ ಹತ್ತಾರು, ನೂರಾರು ಮೀಟರ್ ಆಚೆ ನೆಲಕ್ಕಿಳಿಯುತ್ತದೆ. ಹೀಗಾಗಿ ಟವರಿನ ಬುಡದಲ್ಲಿ ಕಡಿಮೆ, ಎದುರಿನ ಮಾಳಿಗೆಯ ಮೇಲೆ ಹೆಚ್ಚು ಕಂಡರೆ ಅಚ್ಚರಿಯಿಲ್ಲ. ಅಳೆಯುವಾಗ ಮನೆಯವರ ಫೋನುಗಳೆಲ್ಲ ಫ್ಲೈಟ್ ಮೋಡಿನಲ್ಲಿರಲಿ, ವೈಫೈ ಆರಿರಲಿ, ಇಲ್ಲವಾದರೆ ಅಳೆದದ್ದು ನಿಮ್ಮ ಜೇಬನ್ನೇ. ಸಂಕೇತ ತುಂಡುತುಂಡಾಗಿ ಬರುವುದರಿಂದ ಕೆಲವು ಮೀಟರ್ ಕ್ಷಣದ ತುತ್ತತುದಿಯನ್ನು ತೋರಿಸುತ್ತವೆ, ಕೆಲವು ಸರಾಸರಿಯನ್ನು. ನಿಯಮದ ಮಿತಿಗಳಿರುವುದು ಸರಾಸರಿಗೆ. ಭರತ ಹುಣ್ಣಿಮೆಯ ಮೈಲಾರ ಜಾತ್ರೆಯಲ್ಲಿ ಲಕ್ಷಾಂತರ ಜನ ಸೇರಿ ಫೋನ್ ಬಳಸುವಾಗ ಟವರ್ ಹೊಮ್ಮಿಸುವುದಕ್ಕೂ ಮಾಮೂಲಿ ಮಧ್ಯಾಹ್ನ ಹೊಮ್ಮಿಸುವುದಕ್ಕೂ ವ್ಯತ್ಯಾಸವಿರುತ್ತದೆ. 2022ರಲ್ಲಿ ಹರಾಜಾದ 5ಜಿ ತರಂಗಗುಚ್ಛಗಳಲ್ಲಿ ಮುಖ್ಯವಾದದ್ದು 3300ರಿಂದ 3670 ಮೆಗಾಹರ್ಟ್ಸ್‌ನದು. 2500ಕ್ಕೋ 3500ಕ್ಕೋ ನಿಲ್ಲುವ ಮೀಟರ್ ಅದನ್ನು ಪೂರ್ತಿ ಹಿಡಿಯದು.

ಅಂಕಿ ಬಂದ ಮೇಲೆ ಮಾನಗಳನ್ನು ಒಂದಕ್ಕೊಂದು ಹೊಂದಿಸಿ ಓದಬೇಕು, ಹೆಚ್ಚಿನ ಗಾಬರಿ ಹುಟ್ಟುವುದು ಇಲ್ಲಿಯೇ. ದೂರಸಂಪರ್ಕ ಇಲಾಖೆ 2012ರ ಸೆಪ್ಟೆಂಬರ್ 1ರಿಂದ ಟವರುಗಳಿಗೆ ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗವನ್ನು ಜಾರಿಗೆ ತಂದಿತು. 900 ಮೆಗಾಹರ್ಟ್ಸ್‌ಗೆ ಅದು ಚದರ ಮೀಟರಿಗೆ 0.45 ವಾಟ್. ಇದನ್ನೇ ಮೈಕ್ರೊವಾಟ್‌ನಲ್ಲಿ ಹೇಳಿದರೆ 4,50,000, ಮೀಟರಿಗೆ ವೋಲ್ಟ್‌ನಲ್ಲಿ ಹೇಳಿದರೆ 13. ಮಿತಿಗಳು ಪರಿಷ್ಕರಣೆಯಾಗುತ್ತಿರುತ್ತವೆ, ಹೋಲಿಸುವ ಮುನ್ನ ಇಲಾಖೆಯ ಜಾಲತಾಣದಲ್ಲಿ ಈಗಿನದನ್ನು ನೋಡಿಕೊಳ್ಳಿ. ಆದರೆ ಹಲವು ಅಗ್ಗದ ಮೀಟರುಗಳ ಕೆಂಪು ದೀಪ ಯಾವ ಸರ್ಕಾರದ ಮಿತಿಯನ್ನೂ ಅನುಸರಿಸುವುದಿಲ್ಲ. ಜರ್ಮನಿಯ ಕಟ್ಟಡ ಸಲಹೆಗಾರರ ಒಂದು ಖಾಸಗಿ ಮಾರ್ಗಸೂಚಿ 1,000 ಮೈಕ್ರೊವಾಟ್ ದಾಟಿದ್ದನ್ನೇ ಅತಿ ತೀವ್ರ ಎನ್ನುತ್ತದೆ. ಅಂಥ ಲೆಕ್ಕಕ್ಕೆ ಹೊಂದಿಸಿದ ದೀಪ 2012ರ ಆ ಮಿತಿಯ ನಾನೂರೈವತ್ತನೇ ಒಂದು ಭಾಗಕ್ಕೇ ಹತ್ತಿಕೊಳ್ಳುತ್ತದೆ. ದೀಪದ ಬಣ್ಣವನ್ನು ಬಿಟ್ಟು ಅಂಕಿಯನ್ನಷ್ಟೇ ಓದಿ.

ಸರ್ಕಾರದ ಮಿತಿಯನ್ನೇ ಏಕೆ ನಂಬಬೇಕು ಎಂದು ಕೇಳುವವರಿದ್ದಾರೆ, ಪ್ರಶ್ನೆ ನ್ಯಾಯವಾದದ್ದೇ. ಐಸಿಎನ್‌ಐಆರ್‌ಪಿ ಎಂಬ ಅಂತರರಾಷ್ಟ್ರೀಯ ಆಯೋಗ 2010ರಲ್ಲಿ 50 ಹರ್ಟ್ಸ್ ಕಾಂತಕ್ಷೇತ್ರಕ್ಕೆ ಸಾರ್ವಜನಿಕರ ಮಿತಿಯನ್ನು 200 ಮೈಕ್ರೊಟೆಸ್ಲಾ ಎಂದಿತು. ಆದರೆ 2000ರಲ್ಲಿ ಆಲ್‌ಬೊಮ್ ಮತ್ತು ಸಂಗಡಿಗರು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ, ದಿನದ ಸರಾಸರಿ 0.4 ಮೈಕ್ರೊಟೆಸ್ಲಾ ಮೀರಿದ ಮನೆಗಳ ಮಕ್ಕಳಲ್ಲಿ ರಕ್ತದ ಕ್ಯಾನ್ಸರ್ ಸುಮಾರು ಎರಡು ಪಟ್ಟು ಕಂಡಿತು. ಅಂಥ ಮನೆಗಳಿದ್ದದ್ದು ನೂರಕ್ಕೆ ಒಂದಕ್ಕಿಂತ ಕಡಿಮೆ, ಕಾಯಿಲೆಯೇ ಅಪರೂಪದ್ದು, ಕಾರಣ ಕಾಂತಕ್ಷೇತ್ರವೇ ಎಂದು ಸಾಬೀತಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಈ ಕ್ಷೇತ್ರವನ್ನು 2002ರಲ್ಲಿಯೂ ರೇಡಿಯೊ ಅಲೆಯನ್ನು 2011ರಲ್ಲಿಯೂ ‘ಕ್ಯಾನ್ಸರ್‌ಕಾರಕ ಆಗಿರಲೂಬಹುದು’ ಎಂಬ 2ಬಿ ಗುಂಪಿಗೆ ಸೇರಿಸಿತು. ಇದನ್ನು ತಳ್ಳಿಹಾಕುವುದು ಸರಿಯಲ್ಲ. ಹಾಗೆಂದು ಫ್ರಿಜ್ ಮುಂದೆ ಒಂದು ಕ್ಷಣ 0.4 ಕಂಡದ್ದನ್ನು ಆ ಅಧ್ಯಯನದ 0.4ಕ್ಕೆ ಹೋಲಿಸುವಂತೆಯೂ ಇಲ್ಲ, ಅದು ಇಡೀ ದಿನದ ಸರಾಸರಿ. ಮಗು ರಾತ್ರಿಯೆಲ್ಲ ಮಲಗುವ ಜಾಗದಲ್ಲಿ ಬೇರೆ ಬೇರೆ ದಿನ ಅಳೆದರೂ ಅಂಕಿ ಅದನ್ನು ಮೀರುತ್ತಿದ್ದರೆ ಹಾಸಿಗೆಯನ್ನು ಆ ಗೋಡೆಯಿಂದ ಸರಿಸಿ. ಖರ್ಚಿಲ್ಲದ ಈ ಎಚ್ಚರಿಕೆಗೆ ಪೂರ್ತಿ ಪುರಾವೆ ಸಿಗುವವರೆಗೆ ಕಾಯಬೇಕಿಲ್ಲ.

ಮೀಟರ್ ಕೂಗಿದಾಗಲೆಲ್ಲ ತಲೆನೋವು ಬರುತ್ತದೆ, ಅದಕ್ಕಿಂತ ಸಾಕ್ಷಿ ಬೇಕೇ ಎಂಬುದು ಇನ್ನೊಂದು ಆಕ್ಷೇಪ. ಆ ನೋವು ನಿಜ, ಆದರೆ ಕಾರಣ ಅದೇ ಎನ್ನಲಾಗದು. ಲಂಡನ್ನಿನ ಕಿಂಗ್ಸ್ ಕಾಲೇಜಿನ ಜೇಮ್ಸ್ ರೂಬಿನ್ ಮತ್ತು ಸಂಗಡಿಗರು 2010ರ ಹೊತ್ತಿಗೆ ಪರಿಶೀಲಿಸಿದ್ದ 46 ಪ್ರಯೋಗಗಳಲ್ಲಿ, ತಮಗೆ ಈ ಅಲೆಗಳು ತಾಗುತ್ತವೆ ಎನ್ನುವ 1,175 ಜನ ಭಾಗವಹಿಸಿದ್ದರು. ಅಲೆ ಇದೆಯೋ ಇಲ್ಲವೋ ಎಂದು ತಿಳಿಸದೆ ಕೂರಿಸಿದಾಗ, ಅಲೆಗೂ ತೊಂದರೆಗೂ ನೆಚ್ಚಬಹುದಾದ ಸಂಬಂಧ ಸಿಗಲಿಲ್ಲ. ಬಿಡದ ತಲೆನೋವಿಗೆ ವೈದ್ಯರನ್ನು ಕಾಣಿ, ಟವರ್ ಮೇಲೆ ಹೊರಿಸಿ ರಕ್ತದೊತ್ತಡದ ಪರೀಕ್ಷೆ ತಪ್ಪಿಸಬೇಡಿ. ಟವರನ್ನು ಊರಾಚೆ ಕಳಿಸುವ ಹೋರಾಟಕ್ಕಿಳಿಯುವ ಮುನ್ನ ಇನ್ನೊಂದನ್ನೂ ಯೋಚಿಸಬೇಕು: ಸಿಗ್ನಲ್ ಕ್ಷೀಣವಾದಷ್ಟೂ ಕಿವಿಗೆ ಹಚ್ಚಿದ ಫೋನ್ ಹೆಚ್ಚು ಶಕ್ತಿ ಹೊಮ್ಮಿಸುತ್ತದೆ, 2011ರ ಆ ವರ್ಗೀಕರಣ ಮುಖ್ಯವಾಗಿ ನಿಂತದ್ದೂ ಫೋನ್ ಬಳಕೆಯ ಪುರಾವೆಯ ಮೇಲೆ.

ವೃತ್ತಿಪರರ ಮೀಟರೂ ತಪ್ಪುತ್ತದಲ್ಲವೇ ಎಂದರೆ, ಹೌದು. ಲಕ್ಷಗಟ್ಟಲೆ ಬೆಲೆಯ ರೇಡಿಯೊ ಮಾಪಕದಲ್ಲೂ ಅನಿಶ್ಚಿತತೆ ಇರುತ್ತದೆ. ಆದರೆ ಅದು ಎಷ್ಟೆಂದು ಪರೀಕ್ಷಿಸಿ ಬರೆದುಕೊಟ್ಟ ಪ್ರಮಾಣಪತ್ರ ಇರುತ್ತದೆ, ಅಗ್ಗದ್ದರಲ್ಲಿ ಅದು ಎಷ್ಟೆಂದೇ ತಿಳಿಯದು. ಆದ್ದರಿಂದ ನಿಮ್ಮ ಅಂಕಿಗಳನ್ನು ದೂರಿಗೆ ಆಧಾರವಾಗಿ ಬಳಸಿ, ತೀರ್ಪಾಗಿ ಅಲ್ಲ. ಟವರಿನ ಅಳತೆಗೆ ದೂರಸಂಪರ್ಕ ಇಲಾಖೆ 2017ರ ಮೇ ತಿಂಗಳಲ್ಲಿ ‘ತರಂಗ ಸಂಚಾರ್’ ಜಾಲತಾಣ ತೆರೆಯಿತು. ಅಲ್ಲಿ ಸುತ್ತಲಿನ ಟವರುಗಳ ವಿವರ ನೋಡಬಹುದು. 4,000 ರೂಪಾಯಿ ಕಟ್ಟಿದರೆ ಇಲಾಖೆಯ ಸಿಬ್ಬಂದಿ ಬಂದು ಅಳೆಯುವ ಏರ್ಪಾಡನ್ನೂ ಆಗ ಮಾಡಲಾಯಿತು. ನಾಲ್ಕಾರು ಮನೆಯವರು ಕೂಡಿ ಕಟ್ಟಿದರೆ ಪ್ರತಿಯೊಬ್ಬರ ಪಾಲು ಒಂದು ಅಗ್ಗದ ಮೀಟರಿಗಿಂತ ಕಡಿಮೆ. ಲೈನು ಜೋತುಬಿದ್ದಿದ್ದರೆ, ಮಾಳಿಗೆಗೆ ತೀರ ಹತ್ತಿರವಿದ್ದರೆ, ಟಿಸಿ ಕಿಡಿ ಕಾರುತ್ತಿದ್ದರೆ ಯಾವ ಮೀಟರೂ ಬೇಡ, ತಕ್ಷಣ 1912ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಕೈಯಲ್ಲಿ ಎರಡು ಮೂರು ಸಾವಿರವಷ್ಟೇ ಇದ್ದರೆ ಮೊದಲು ಮನೆಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಹಾಕಿಸಿ, ಅರ್ಥಿಂಗ್ ಪರೀಕ್ಷೆ ಮಾಡಿಸಿ. ಮೀಟರ್ ಆಮೇಲೆ ಕೊಳ್ಳಬಹುದು.