ಎಡಗಾಲಿನ ಭಾರ

"ಕೈಸೇ ಹೋ?" ಅಂದರು ಮೆಡಿಕಲ್ ಬೋರ್ಡಿನ ಡಾಕ್ಟರು. "ಠೀಕ್ ಹೂಂ ಸಾಬ್" ಅಂದೆ. 24 ವರ್ಷ ಅದೊಂದೇ ಉತ್ತರ ಹೇಳಿ ಪಳಗಿದ ಬಾಯಿ ನನ್ನದು. ಮಿಲಿಟರಿಯಲ್ಲಿ ನೋವು ಅಂತ ಹೇಳಿಕೊಂಡರೆ ಲೋ ಮೆಡಿಕಲ್ ಕೆಟಗರಿ. ಕೆಟಗರಿ ಇಳಿಯಿತೆಂದರೆ ಬಡ್ತಿಗೂ ಕೋರ್ಸಿಗೂ ಅಡ್ಡಿ. ಹಲ್ಲು ಕಚ್ಚಿಕೊಂಡು ಓಡಿದವರೇ ನಾವೆಲ್ಲ. ಆದರೆ ಆವತ್ತು ನಾನು ಹೋಗಿದ್ದು ನೋವಿದೆ ಎಂದು ಹೇಳುವುದಕ್ಕೇ. ಅದನ್ನು ಹೇಳಲಿಲ್ಲ. ಕಾಲು ಮಡಿಸಿ ಅಂದರು, ಉಸಿರು ಬಿಗಿಹಿಡಿದು ಪೂರ್ತಿ ಮಡಿಸಿದೆ. ನಡೆಯಿರಿ ಅಂದರು, ಪರೇಡಿನಲ್ಲಿ ನಡೆದ ಹಾಗೆ ನಡೆದೆ. ಸ್ವಲ್ಪ ಹೊತ್ತಿನಲ್ಲೇ ಎಲ್ಲ ಮುಗಿಯಿತು.

ನಾನು ಮಧುಗಿರಿ ತಾಲ್ಲೂಕು ದೊಡ್ಡೇರಿ ಹೋಬಳಿಯವನು. 1994ರಲ್ಲಿ, 19ನೇ ವಯಸ್ಸಿಗೆ, ಬೆಂಗಳೂರಿನ ಹಲಸೂರು ಕೆರೆ ಪಕ್ಕದ ಮದ್ರಾಸ್ ಎಂಜಿನಿಯರ್ ಗ್ರೂಪ್ (ಎಂಇಜಿ) ಸೆಂಟರಿನಲ್ಲಿ ಭರ್ತಿಯಾದೆ. 2006ರಲ್ಲಿ ಲಡಾಖ್‌ನಲ್ಲಿ ಬೈಲಿ ಸೇತುವೆಯ ಪ್ಯಾನೆಲ್ಲನ್ನು ಆರು ಜನ ಹೊತ್ತು ಇಳಿಯುತ್ತಿದ್ದೆವು. ಒಂದು ಪ್ಯಾನೆಲ್ ಅಂದರೆ ಎರಡೂವರೆ ಕ್ವಿಂಟಲ್‌ಗೂ ಮೇಲೆ. ಮಂಜುಗಡ್ಡೆಯ ಮೇಲೆ ಎಡಗಾಲು ಜಾರಿತು, ಮೊಣಕಾಲು ತಿರುಚಿತು. ಒಳಗಿನ ಲಿಗಮೆಂಟೂ ಮೆನಿಸ್ಕಸ್ಸೂ ಹರಿದಿದ್ದವು. 2018ರಲ್ಲಿ ಹವಾಲ್ದಾರನಾಗಿ ಹೊರಬರುವಾಗ ರಿಲೀಸ್ ಮೆಡಿಕಲ್ ಬೋರ್ಡು ಆ ಎಡ ಮೊಣಕಾಲಿಗೆ 20% ಅಂಗವೈಕಲ್ಯ, ಜೀವನಪರ್ಯಂತ, ಸೇವೆಯಿಂದ ಉಂಟಾದದ್ದು ಎಂದು ಬರೆಯಿತು. ಅದರಲ್ಲಿ ನನಗೆ ಯಾವ ತಕರಾರೂ ಇಲ್ಲ.

ಊರಿಗೆ ಬಂದ ಮೂರನೇ ವರ್ಷ ಬಲ ಮೊಣಕಾಲು ಹಿಡಿಯತೊಡಗಿತು. ಕಡಲೆಕಾಯಿ ಕೀಳುವಾಗ ಕುಕ್ಕರಗಾಲಲ್ಲಿ ಕೂತರೆ ಏಳಲು ಯಾರಾದರೂ ಕೈಕೊಡಬೇಕು. ನೆಲದ ಮೇಲೆ ಕೂತು ಮುದ್ದೆ ಉಣ್ಣುವುದು ನಿಂತುಹೋಯಿತು. ಕಾರಣ ಮೊದಲು ಕಂಡಿದ್ದು ನನ್ನ ಹೆಂಡತಿಗೆ. "ನಿಮ್ ಬಲಗಾಲ್ ಚಪ್ಲಿನೇ ಯಾಕ್ರೀ ಹಿಂಗ್ ಸವೀತೈತೆ?" ಅಂದಳು. ತಿರುಗಿಸಿ ನೋಡಿದೆ. ಎಡದ ಹಿಮ್ಮಡಿ ಹೆಚ್ಚುಕಡಿಮೆ ಹೊಸದಿದ್ದ ಹಾಗಿದೆ, ಬಲದ್ದು ಹೊರಅಂಚಿನಲ್ಲಿ ತೆಳ್ಳಗಾಗಿದೆ. ಹದಿನೈದು ವರ್ಷ ಎಡಗಾಲು ಊರಲು ಅಂಜಿ, ಅದರ ಭಾರವನ್ನೆಲ್ಲ ಬಲಗಾಲ ಮೇಲೆ ಹಾಕಿ ನಡೆದಿದ್ದೆ.

ಹೀಗೆ ಮೊದಲ ಗಾಯದಿಂದ ಹುಟ್ಟಿದ ಎರಡನೇ ತೊಂದರೆಗೆ ಅಮೆರಿಕದ ಮಾಜಿ ಸೈನಿಕರಿಗೆ ಪ್ರತ್ಯೇಕ ನಿಯಮವೇ ಇದೆ. ಮೊದಲನೆಯದು ಎರಡನೆಯದಕ್ಕೆ ಕಾರಣವಾಗಿರುವ ಸಾಧ್ಯತೆ ಅರ್ಧದಷ್ಟಿದ್ದರೂ ಸಾಕು, ಸಂಶಯದ ಲಾಭ ಸೈನಿಕನಿಗೆ. ನಮ್ಮಲ್ಲಿ ದಾರಿ ಬೇರೆ. 2001ರ ಫೆಬ್ರವರಿ 7ರ ರಕ್ಷಣಾ ಸಚಿವಾಲಯದ ಪತ್ರದ ಪ್ರಕಾರ ಶಾಶ್ವತ ಅಂಗವೈಕಲ್ಯವೆಂದು ಒಮ್ಮೆ ತೀರ್ಮಾನವಾದರೆ ಅದೇ ಕೊನೆ, ಆದರೆ ಪಿಂಚಣಿದಾರನೇ ಕೇಳಿಕೊಂಡರೆ ಮರುಪರಿಶೀಲನೆಯಾಗಬಹುದು. ನಾನು ಕೇಳಿಕೊಂಡೆ. ರೆಕಾರ್ಡ್ ಆಫೀಸಿನ ಮೂಲಕ ಅರ್ಜಿ ಹೋಯಿತು, ತಿಂಗಳುಗಳಾದ ಮೇಲೆ ಬೋರ್ಡಿನ ಕರೆ ಬಂತು. ಆ ಬೋರ್ಡಿನ ಮುಂದೆಯೇ ನಾನು ಠೀಕ್ ಹೂಂ ಅಂದದ್ದು.

ಅಲ್ಲಿ ಇನ್ನೊಂದು ಪ್ರಶ್ನೆಯೂ ಬಂತು. "ಮಧುಗಿರಿ, ಪಾವಗಡದ ಕಡೆಯವರಲ್ಲವೇ? ಅಲ್ಲಿನ ನೀರಿನಲ್ಲಿ ಫ್ಲೋರೈಡ್ ಇದೆಯಲ್ಲ?" ನನಗೆ ಮಾತೇ ಹೊರಡಲಿಲ್ಲ. ಪ್ರಶ್ನೆ ತಪ್ಪಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು, ಬೇರೆ ನೀರಿಲ್ಲದಿದ್ದರೆ ಒಂದೂವರೆವರೆಗೆ ಸಹಿಸಬಹುದು ಎನ್ನುತ್ತದೆ ಭಾರತೀಯ ಮಾನಕ. ನಮ್ಮ ಸೀಮೆಯಲ್ಲಿ ಅದನ್ನು ದಾಟಿದ ಬೋರ್‌ವೆಲ್‌ಗಳು ಎಷ್ಟೋ ಇವೆ. ಹಳದಿ ಪಟ್ಟೆಯ ಹಲ್ಲು, ಬಾಗಿದ ಬೆನ್ನು ನೋಡುತ್ತಲೇ ಬೆಳೆದವರು ನಾವು. ಊರಿನ ನೀರಿನ ಮೇಲೆ ನನಗೂ ಸಿಟ್ಟಿದೆ. ಆದರೆ ನನ್ನ ಬಲ ಮೊಣಕಾಲಿನ ಲೆಕ್ಕವನ್ನು ಆ ನೀರಿನ ಖಾತೆಗೆ ಬರೆದರೆ ಒಪ್ಪುವುದು ಹೇಗೆ? ಕೊನೆಗೆ ಬಂದ ಉತ್ತರ ನಾವು ಬಾಯಿಮಾತಿನಲ್ಲಿ 'ನಾನಾ' ಅನ್ನುವುದು: ಸೇವೆಯಿಂದ ಉಂಟಾದದ್ದಲ್ಲ, ಸೇವೆಯಿಂದ ಉಲ್ಬಣಗೊಂಡದ್ದೂ ಅಲ್ಲ. ಏಕೆ ಎನ್ನುವುದಕ್ಕೆ ಒಂದು ಸಾಲೂ ಇರಲಿಲ್ಲ.

ಮೇಲ್ಮನವಿಗೆ ಆರು ತಿಂಗಳ ಅವಧಿ. ಆ ಆರು ತಿಂಗಳು ನನಗೆ ಪಾಠ ಹೇಳಿದವರು ಶಿರಾದ ಒಬ್ಬ ನಿವೃತ್ತ ನರ್ಸಿಂಗ್ ಅಸಿಸ್ಟೆಂಟ್. ನನಗಿಂತ ಹತ್ತು ವರ್ಷ ಸೀನಿಯರ್. "ಬೋರ್ಡಿನವರು ನಿನ್ನ ಕಾಲು ನೋಡೋದು ಕಾಲು ಗಂಟೆ ಕಣಯ್ಯಾ, ಕಾಗದ ನೋಡೋದು ಅದಕ್ಕಿಂತ ಹೆಚ್ಚು" ಅಂದರು. ಮಾಹಿತಿ ಹಕ್ಕಿನಡಿ ಹಳೆಯ ಮೆಡಿಕಲ್ ಕಾಗದಗಳ ನಕಲು ತರಿಸಿದೆವು. 2006ರ ಇಂಜುರಿ ರಿಪೋರ್ಟ್ ಸಿಕ್ಕಿತು. ಅದಕ್ಕಿಂತ ಬೆಲೆಬಾಳುವುದೊಂದು ಕೆಟಗರಿ ಬೋರ್ಡಿನ ಹಳೆಯ ಹಾಳೆಯಲ್ಲಿತ್ತು. ಎಡಗಾಲು ಕುಂಟುತ್ತದೆ, ಎಡತೊಡೆ ಬಲತೊಡೆಗಿಂತ ಸಣಕಲಾಗಿದೆ ಎಂದು ಟೇಪಿನ ಅಳತೆ ಸಮೇತ ಒಬ್ಬ ಡಾಕ್ಟರು ಬರೆದಿಟ್ಟಿದ್ದರು. ಬಲ ಮೊಣಕಾಲು ನೋಯುವುದಕ್ಕೆ ಎಷ್ಟೋ ವರ್ಷ ಮುಂಚೆಯೇ ನನ್ನ ಕುಂಟು ದಾಖಲೆಯಾಗಿತ್ತು. ಎಡಗಾಲಿನಿಂದ ಬಲಗಾಲಿಗೆ ಕೊಂಡಿ ಅದೇ.

ನೀರಿನ ಪ್ರಶ್ನೆಗೂ ಉತ್ತರ ಸಿಕ್ಕಿತು. ಮೂಳೆಗೆ ಫ್ಲೋರೋಸಿಸ್ ಹತ್ತಿದರೆ ಅದು ಒಂದು ಮೊಣಕಾಲಿಗೆ ನಿಲ್ಲುವುದಿಲ್ಲ. ಬೆನ್ನುಮೂಳೆ, ಕತ್ತು ಬಿಗಿಯುತ್ತವೆ. ಮುಂಗೈಯ ಎರಡು ಮೂಳೆಗಳ ನಡುವಿನ ಪೊರೆ ಸುಣ್ಣಗಟ್ಟಿ ಎಕ್ಸ್-ರೇಯಲ್ಲಿ ಕಾಣುತ್ತದೆ. ಮೂಳೆ ಡಾಕ್ಟರೊಬ್ಬರು ಎರಡೂ ಮುಂಗೈಗಳ ಎಕ್ಸ್-ರೇ ತೆಗೆಸಿ, ಅಂಥ ಗುರುತು ಇಲ್ಲವೆಂದು ಬರೆದುಕೊಟ್ಟರು. ಮೊಣಕಾಲಿನ ಎಕ್ಸ್-ರೇಯನ್ನು ಮಲಗಿಸಿ ಅಲ್ಲ, ನಿಲ್ಲಿಸಿಯೇ ತೆಗೆಸಿದರು. ಭಾರ ಬಿದ್ದಾಗಲೇ ಕೀಲಿನ ಸಂದು ಎಷ್ಟು ಸವೆದಿದೆ ಎಂಬುದು ಸರಿಯಾಗಿ ಕಾಣುವುದು.

ಮನವಿಯಲ್ಲಿ ಸುಪ್ರೀಂ ಕೋರ್ಟಿನ 2013ರ ಧರಮ್‌ವೀರ್ ಸಿಂಗ್ ತೀರ್ಪನ್ನು ಉಲ್ಲೇಖಿಸಿದೆವು. ಸೇರುವಾಗ ದಾಖಲೆಯಲ್ಲಿ ಕಾಯಿಲೆಯ ನಮೂದಿಲ್ಲದಿದ್ದರೆ ಸೈನಿಕ ಆರೋಗ್ಯವಂತನಾಗಿದ್ದನೆಂದೇ ಭಾವಿಸಬೇಕು, ಅಲ್ಲವೆನ್ನುವ ಬೋರ್ಡು ಕಾರಣ ಕೊಡಬೇಕು ಎನ್ನುವ ತೀರ್ಪು ಅದು. ಮೇಲ್ಮನವಿಯಲ್ಲೂ ಆಗದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗಬಹುದು, ಆದರೆ ಕರ್ನಾಟಕ ಬರುವುದು ಕೊಚ್ಚಿ ಪೀಠದ ವ್ಯಾಪ್ತಿಗೆ. ಅಷ್ಟು ದೂರ ಹೋಗುವ ಶಕ್ತಿ ನನಗಿರಲಿಲ್ಲ.

ಅಪೀಲ್ ಮೆಡಿಕಲ್ ಬೋರ್ಡಿಗೆ ಹೋಗುವ ಹಿಂದಿನ ರಾತ್ರಿ ನೋವಿನ ಮಾತ್ರೆ ನುಂಗಲಿಲ್ಲ. ಹೊಸ ಬೂಟು ಹಾಕದೆ ಹಳೆಯ ಚಪ್ಪಲಿಯಲ್ಲೇ ಹೋದೆ. ಈ ಸಲ ಡಾಕ್ಟರು ಹೇಗಿದ್ದೀರಿ ಅಂದಾಗ ಹೇಳಿದೆ: ಇಂಡಿಯನ್ ಟಾಯ್ಲೆಟ್ಟಿನಲ್ಲಿ ಕೂತರೆ ಗೋಡೆ ಹಿಡಿಯದೆ ಏಳಲಾಗುವುದಿಲ್ಲ, ಬಸ್ಸಿನ ಮೆಟ್ಟಿಲಿಗೆ ಕೈ ಬಲ ಬೇಕು, ನಮ್ಮ ಹೊಲದ ಬದು ದಾಟುವಷ್ಟರಲ್ಲಿ ಎರಡು ಸಲ ನಿಲ್ಲುತ್ತೇನೆ. ಹೇಳುತ್ತಾ ಗಂಟಲು ಕಟ್ಟಿತು. ಇದ್ದದ್ದನ್ನು ಇದ್ದ ಹಾಗೆ ಹೇಳಲು ಅಷ್ಟು ವರ್ಷ ಬೇಕಾಯಿತು. ಒಂದನ್ನೂ ಹೆಚ್ಚಿಸಿ ಹೇಳಲಿಲ್ಲ. ಮಡಿಸಲಾಗುವಷ್ಟೇ ಮಡಿಸಿದೆ. ಅವರು ಗೋನಿಯೋಮೀಟರ್ ಇಟ್ಟು ಕೋನ ಅಳೆದರು, ಎರಡೂ ತೊಡೆಗೆ ಟೇಪು ಸುತ್ತಿದರು. ಕೊನೆಗೆ ಬಗ್ಗಿ ಚಪ್ಪಲಿ ಎತ್ತಿಕೊಂಡು ಅಡಿಭಾಗ ತಿರುಗಿಸಿ ನೋಡಿದರು. ಏನೂ ಹೇಳಲಿಲ್ಲ, ಬರೆದುಕೊಂಡರು.

ಬಲ ಮೊಣಕಾಲು ಎಡದ ಗಾಯದಿಂದಲೇ ಬಂದದ್ದೆಂದು ಒಪ್ಪಿದರು. ಮನವಿಯಲ್ಲಿ ಜೊತೆಗೆ ಬರೆದಿದ್ದ ಸೊಂಟದ ನೋವನ್ನು ವಯಸ್ಸಿನ ಸವೆತವೆಂದು ಬಿಟ್ಟರು. ಕಾರಣ ಬರೆದಿದ್ದರು, ಓದಿ ನಾನೂ ಒಪ್ಪಿಕೊಂಡೆ. ಎರಡೂ ಮೊಣಕಾಲು ಸೇರಿ ಒಟ್ಟು 40% ಅಂದರು.

ಹಣದ ವಿಷಯವನ್ನೂ ಹೇಳಬೇಕು, ನಾನದನ್ನು ತಡವಾಗಿ ತಿಳಿದವನು. ಅಂಗವೈಕಲ್ಯದ ಭಾಗ 100%ಗೆ ಕೊನೆಯ ಸಂಬಳದ 30%. ಬ್ರಾಡ್ ಬ್ಯಾಂಡಿಂಗ್ ಪ್ರಕಾರ 50ಕ್ಕಿಂತ ಕಡಿಮೆ ಇದ್ದದ್ದನ್ನು 50 ಎಂದೇ ಎಣಿಸುತ್ತಾರೆ. 2014ರ ಡಿಸೆಂಬರಿನ ರಾಮ್ ಅವತಾರ್ ತೀರ್ಪಿನಿಂದ ನನ್ನಂತೆ ಅವಧಿ ಮುಗಿಸಿ ಬಂದವರಿಗೂ ಅದು ಸಿಕ್ಕಿತು. 20 ಇದ್ದಾಗಲೂ ನನಗೆ 50ರ ಲೆಕ್ಕ, 40 ಆದಾಗಲೂ ಅದೇ. ಪಿಂಚಣಿ ಒಂದು ರೂಪಾಯಿಯೂ ಏರಲಿಲ್ಲ. 50 ಮುಟ್ಟಿದ್ದರೆ 75ರ ಲೆಕ್ಕವಾಗುತ್ತಿತ್ತು. ಹೊರಡುವ ಮುಂಚೆ ಈ ಲೆಕ್ಕ ಹಾಕಿಕೊಳ್ಳಿ ಎಂದು ನನ್ನನ್ನು ಕೇಳುವವರಿಗೆಲ್ಲ ಹೇಳುತ್ತೇನೆ. 2023ರ ಸೆಪ್ಟೆಂಬರ್ 21ರ ನಂತರ ನಿವೃತ್ತರಾದವರಿಗೆ ನಿಯಮಗಳೇ ಬೇರೆ, ಅವರು ಅದನ್ನೇ ಓದಿಕೊಳ್ಳಬೇಕು. ಆದರೂ ಹೋಗಬಾರದಿತ್ತು ಎಂದು ನನಗೆ ಒಂದು ದಿನವೂ ಅನ್ನಿಸಿಲ್ಲ. ನಾಳೆ ಈ ಮೊಣಕಾಲು ಇನ್ನೂ ಕೆಟ್ಟರೆ, ಅದು ಯಾವುದರಿಂದ ಕೆಟ್ಟಿತೆಂದು ಮೊದಲಿಂದ ವಾದಿಸಬೇಕಿಲ್ಲ.

ಈಗ ಕೊಡಿಗೇನಹಳ್ಳಿಯ ಒಬ್ಬರ ಕಾಗದ ಜೋಡಿಸುತ್ತಿದ್ದೇವೆ. ಫಿರಂಗಿ ದಳದಲ್ಲಿದ್ದವರು, ಕಿವಿ ಮಂದ. ಅದರ ಜೊತೆಗೆ ಈಗ ಕಿವಿಯೊಳಗೆ ಹಗಲೂ ರಾತ್ರಿ ಗುಂಯ್‌ಗುಡುವ ಸದ್ದು. ಅವರು ಎಂದೂ ಯಾವ ಡಾಕ್ಟರಿಗೂ ಆ ಸದ್ದಿನ ಬಗ್ಗೆ ಹೇಳಿರಲಿಲ್ಲ. ಹೋದ ಸೋಮವಾರ ಮಾಜಿ ಸೈನಿಕರ ಇಸಿಎಚ್‌ಎಸ್ ಪಾಲಿಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿ, ಮೊದಲ ಸಲ ಅದನ್ನು ಚೀಟಿಯಲ್ಲಿ ಬರೆಸಿಕೊಂಡು ಬಂದೆ.